ಭಾನುವಾರ ಬೆಳಗಿನ ಆಟಕ್ಕೆ ಮುಂದಿನ ಸಿನಿಮಾ ಯಾವುದು? ಬಾಗಲಕೋಟೆಯವರು ಹೇಳಿ

ಬೆಳಗಿನ_ಆಟ
ನವನಗರದ ಆ ಸಣ್ಣ ಟಾಕೀಸಿನ ಮಾಲೀಕರು ಭಾನುವಾರ ಬೆಳಿಗ್ಗೆ 10ರ ಆಟವನ್ನು ನಮ್ಮ ಗುಂಪಿಗೆ ಬಿಟ್ಟುಕೊಟ್ಟಿರೋದು ಇಲ್ಲಿ ಸುಮಾರು ಜನರಿಗೆ ಗೊತ್ತು. ದೊಡ್ಡ ಸ್ಟಾರ್ ಇಲ್ಲದ ಕನ್ನಡ ಸಿನಿಮಾ, ಹೊರದೇಶದ ಸಿನಿಮಾ, ಹುಬ್ಬಳ್ಳಿಗೂ ಬಾರದೆ ಬೆಂಗಳೂರಿನಲ್ಲೇ ಎತ್ತಂಗಡಿ ಆಗಿಬಿಡುವಂಥವು ನಮ್ಮೂರಲ್ಲೂ ನೋಡಲಿಕ್ಕೆ ಸಿಗಲಿ ಅಂತ.

'ತಿಥಿ'ಗೆ ಕೆಳಗಿನ ಸೀಟೆಲ್ಲ ತುಂಬಿತ್ತು. 'ಶಿವಮ್ಮ ಯರೇಹಂಚಿನಾಳ'ಕ್ಕೂ ಪರವಾಗಿಲ್ಲ. ಹೋದ ಸಲ ಇರಾನಿನ 'ಚಿಲ್ಡ್ರನ್ ಆಫ್ ಹೆವನ್' ಹಾಕಿದೆವು, ಹಕ್ಕಿರುವವರನ್ನು ಕೇಳಿಯೇ. ಬಂದವರು ನಮ್ಮ ಗುಂಪಿನವರು, ಅವರ ಮನೆಯವರು, ಅಷ್ಟೇ. ಮಾಲೀಕರು ಬೈಯಲಿಲ್ಲ. "ಇನ್ನೊಂದು ತಿಂಗಳು ನೋಡೋಣ್ರಿ, ಹಿಂಗೇ ಆದ್ರ ಆ ಟೈಮಿಗೆ ತೆಲುಗು ಹಾಕ್ತೀನಿ" ಅಂದರು. ಅವರಿಗೂ ಕರೆಂಟ್ ಬಿಲ್ಲಿದೆ, ಆಪರೇಟರ್ ಪಗಾರ ಇದೆ.

ಕೇಳೋದು ಇಷ್ಟು: ನಮ್ಮೂರ ಜನ ಭಾನುವಾರ ಎದ್ದು ಬರುವಂಥ ಸಿನಿಮಾ ಯಾವುದು? ಪ್ರಶಸ್ತಿ ಬಂದವುಗಳ ಪಟ್ಟಿ ಕಳಿಸಬೇಡಿ, ಅದು ನನ್ನ ಹತ್ತಿರವೂ ಇದೆ.

ಗಿರಮಿಟ್
ಭಾನುವಾರ 10ಕ್ಕೆ ಯಾರು ಎದ್ದಿರ್ತಾರೆ ಅಣ್ಣಾ? ಫಸ್ಟ್ ಶೋ ಕೇಳಿ.

ಬೆಳಗಿನ_ಆಟ
ಫಸ್ಟ್ ಶೋ ನಮಗೆ ಕೊಟ್ಟರೆ ಅವರ ಮನೆ ಒಲೆ ಉರಿಯೋದು ಹೇಗೆ ತಮ್ಮಾ?

ಇಳಕಲ್_ಸೆರಗು
'ತಿಥಿ'ಯನ್ನು ಲೆಕ್ಕಕ್ಕೆ ತಗೋಬೇಡಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, 2016ರಲ್ಲಿ ಇಲ್ಲಿ ಬಿಡುಗಡೆ ಆಯಿತು, ಆವತ್ತಿನಿಂದ ಗಡ್ಡಪ್ಪ, ಸೆಂಚುರಿ ಗೌಡ ಅಂದರೆ ಮೊಬೈಲ್ ಇರೋ ಎಲ್ಲರಿಗೂ ಗೊತ್ತು. ಆ ಜನ ಗಡ್ಡಪ್ಪನನ್ನು ನೋಡಲಿಕ್ಕೆ ಬಂದವರು. 'ಬೇರೆ ಥರದ ಸಿನಿಮಾ' ನೋಡಲಿಕ್ಕಲ್ಲ.

ಗಿರಮಿಟ್
ಮಂಡ್ಯದ ಆ ಮಾತಿಗೆ ನನಗೂ ಸಬ್‌ಟೈಟಲ್ ಬೇಕಾಗಿತ್ತು ಅಕ್ಕಾ 😄

ಇಳಕಲ್_ಸೆರಗು
ಅದಕ್ಕೇ 'ಶಿವಮ್ಮ'ನಿಗೆ ಬಂದವರು ನಿಜವಾದ ಪ್ರೇಕ್ಷಕರು. ಕೊಪ್ಪಳ ಜಿಲ್ಲೆಯ ಹಳ್ಳಿ, ನಮ್ಮದೇ ಮಾತು. ಬಿಸಿಯೂಟದ ಅಡುಗೆಯವಳು ಚೈನ್ ಮಾರ್ಕೆಟಿಂಗ್‌ಗೆ ಬಿದ್ದು ಮನೆ ಮನೆಗೆ ಡಬ್ಬಿ ಹೊತ್ತುಕೊಂಡು ತಿರುಗೋದು. ನಮ್ಮ ಓಣಿಯಲ್ಲೇ ಇಂಥವರು ಮೂರು ಮನೆ ಇದ್ದಾರೆ. ಅದೇ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಗೆದ್ದಿತ್ತು ಅಂತ ನಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಕಿರಲಿಲ್ಲ. ಪಕ್ಕದವರಿಗೆ ಮೊಣಕೈ ತಿವಿದು "ಇಕಿ ನಮ್ಮ ಆಕೀ ಹಂಗೇ ಇದಾಳ ನೋಡು" ಅಂತ ಪೂರ್ತಿ ಸಿನಿಮಾ ನೋಡಿದರು.

ಬೆಂಗಳೂರಾಗ_ಬಾಗಲಕೋಟಿ
ಅದೇ ಸಿನಿಮಾವನ್ನು ನಾನು 2024ರ ಜೂನ್‌ನಲ್ಲಿ ಇಲ್ಲೊಂದು ಮಲ್ಟಿಪ್ಲೆಕ್ಸ್‌ನಲ್ಲಿ ನೋಡಲಿಕ್ಕೆ ಹೋಗಿದ್ದೆ. ಟಿಕೆಟ್ ತಗೊಂಡು ಒಳಗೆ ಹೋದ ಮೇಲೆ "ಜನ ಇಲ್ಲ ಸರ್, ಶೋ ಕ್ಯಾನ್ಸಲ್" ಅಂದರು. ನೀವು ಪುಣ್ಯವಂತರು. ಮಲ್ಟಿಪ್ಲೆಕ್ಸ್‌ಗಿಂತ ನಿಮ್ಮ ಟಾಕೀಸೇ ಮೇಲು.

ವಿದ್ಯಾಗಿರಿ_ಅಕ್ಕ
ಇರಾನಿ ಸಿನಿಮಾ ಸೋತಿದ್ದಕ್ಕೆ ಸಿನಿಮಾವನ್ನು ಬೈಯಬೇಡಿ. ಕಥೆ ಎಷ್ಟು ಸರಳ! ಅಣ್ಣ ತಂಗಿಯ ಬೂಟು ಕಳೆದುಹಾಕ್ತಾನೆ. ಅಪ್ಪನ ಹತ್ತಿರ ದುಡ್ಡಿಲ್ಲ. ಇಬ್ಬರೂ ಒಂದೇ ಜೊತೆ ಬೂಟು ಹಾಕಿಕೊಂಡು ಪಾಳಿ ಮೇಲೆ ಶಾಲೆಗೆ ಹೋಗ್ತಾರೆ. ಇದು ಬಾಗಲಕೋಟೆಗೆ ಅರ್ಥ ಆಗಲ್ಲ ಅಂದರೆ ಇನ್ನೆಲ್ಲಿ ಅರ್ಥ ಆಗುತ್ತದೆ?

ನೀವು ಮಾಡಿದ್ದೇನು? ವಾಟ್ಸಾಪ್ ಸ್ಟೇಟಸ್ ಹಾಕಿದಿರಿ. ಅದನ್ನು ನೋಡಿದವರು ನಿಮ್ಮ ಗೆಳೆಯರೇ. ಬಸ್ ಸ್ಟ್ಯಾಂಡಿನಲ್ಲಿ ಒಂದು ಪೋಸ್ಟರ್ ಇರಲಿಲ್ಲ, ಒಂದು ಶಾಲೆಗೂ ಹೇಳಲಿಲ್ಲ. ಮೇಲೆ ಇಂಗ್ಲಿಷ್ ಸಬ್‌ಟೈಟಲ್. ನಮ್ಮ ಮಕ್ಕಳು ಮೊದಲ ಸಾಲು ಓದಿ ಮುಗಿಸೋದರೊಳಗೆ ಎರಡನೆಯದು ಹೋಗಿರುತ್ತದೆ. ಕನ್ನಡ ಸಬ್‌ಟೈಟಲ್ ಫೈಲ್ ಮಾಡೋದು ಕಷ್ಟದ ಕೆಲಸವಲ್ಲ. ನಮ್ಮ ಪದವಿ ಹುಡುಗಿಯರೇ ಮಾಡಿಕೊಡ್ತಾರೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ, ಮಾತಿನಷ್ಟೂ ಬರೆಯಬೇಡ, ಭಾವ ಬಂದರೆ ಸಾಕು, ಇಷ್ಟು ಹೇಳಿಕೊಟ್ಟರೆ ಆಯಿತು.

ಹಳೇರೀಲು
ಅಕ್ಕಾರ, ಮಾಡಿಕೊಡ್ತೀರಿ ಸರಿ. ಅದನ್ನು ಪರದೆ ಮೇಲೆ ತರೋದು ಹೇಗೆ? ನಾನು ಈ ಕೆಲಸದಲ್ಲೇ ಮುದುಕ ಆದವನು, ಹೇಳ್ತೀನಿ ಕೇಳಿ.

ನಮ್ಮ ಕಾಲದಲ್ಲಿ ಡಬ್ಬಿ ಬರುತ್ತಿದ್ದವು. ಎರಡು ಸಾವಿರ ಅಡಿ ರೀಲು ಇಪ್ಪತ್ತು ನಿಮಿಷ ಓಡುತ್ತಿತ್ತು. ಎರಡು ಮಷೀನು, ಕಾರ್ಬನ್ ಕಡ್ಡಿ. ಒಂದು ಮುಗಿಯೋದರೊಳಗೆ ಇನ್ನೊಂದು ಹಚ್ಚಬೇಕು. ತಡ ಆದರೆ ಜನ ಸೀಟಿ ಹೊಡೀತಿದ್ದರು. ಆದರೆ ಒಂದು ಅನುಕೂಲ ಇತ್ತು. ಎಲ್ಲಿಯ ರೀಲು ತಂದರೂ ಆ ಮಷೀನಿನಲ್ಲಿ ಓಡುತ್ತಿತ್ತು. ಜಪಾನಿಂದು ಬರಲಿ, ಮದ್ರಾಸಿಂದು ಬರಲಿ.

ಈಗ ಹಾಗಿಲ್ಲ. ದೊಡ್ಡ ಥಿಯೇಟರ್‌ಗಳಿಗೆ ಬರೋದು ಡಿಸಿಪಿ ಅಂತ ಸಿನಿಮಾದ ಡಿಜಿಟಲ್ ಪ್ರತಿ, ಹಾರ್ಡ್‌ಡಿಸ್ಕಿನಲ್ಲಿ ನೂರಾರು ಜಿಬಿ. ಅದಕ್ಕೆ ಕೆಡಿಎಂ ಅಂತ ಒಂದು ಕೀಲಿ. ಆ ಕೀಲಿ ಅದೊಂದೇ ಸರ್ವರ್‌ಗೆ, ಇಂಥ ದಿನದ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಮಾತ್ರ. ಸಣ್ಣ ಊರಿನ ಟಾಕೀಸುಗಳಲ್ಲಿ ಹೆಚ್ಚಾಗಿ ಇರೋದು ಉಪಗ್ರಹದಿಂದ ಸಿನಿಮಾ ಇಳಿಸಿಕೊಳ್ಳುವ ಬೇರೆ ಪೆಟ್ಟಿಗೆ. ಡಿಸಿಪಿ ಅದರಲ್ಲಿ ಓಡಲ್ಲ. ಸ್ವಂತ ದುಡ್ಡು ಹಾಕಿ ಸಿನಿಮಾ ಮಾಡಿದ ಹುಡುಗ ಆ ಪೆಟ್ಟಿಗೆಗೆ ತನ್ನ ಸಿನಿಮಾ ಏರಿಸಬೇಕಾದರೆ ಮತ್ತೆ ಖರ್ಚು. ಒಂದು ಊರಿನ ಒಂದು ಆಟಕ್ಕೆ ಯಾರು ಅಷ್ಟು ಮಾಡ್ತಾರೆ? ನಿಮಗೆ ಸಿನಿಮಾ ಸಿಗದಿರಲಿಕ್ಕೆ ಅರ್ಧ ಕಾರಣ ಜನ ಅಲ್ಲ, ಆ ಪೆಟ್ಟಿಗೆ.

ದಾರಿ ಇದೆ. ಒಳ್ಳೇ ಪ್ರೊಜೆಕ್ಟರ್ ಬಾಡಿಗೆಗೆ ತಂದು, ಲ್ಯಾಪ್‌ಟಾಪ್ ಹಚ್ಚಿ, ಸೌಂಡನ್ನು ಟಾಕೀಸಿನ ಆಂಪ್ಲಿಫೈಯರ್‌ಗೆ ಕೊಡೋದು. ಆಗ ಅಕ್ಕಾರ ಕನ್ನಡ ಸಬ್‌ಟೈಟಲೂ ಹಚ್ಚಬಹುದು. ಬೆಳಕು ಸ್ವಲ್ಪ ಕಡಿಮೆ, ಬಾಗಿಲ ಪರದೆ ಗಟ್ಟಿಯಾಗಿ ಮುಚ್ಚಿಕೊಳ್ಳಿ.

ಜಮಖಂಡಿಯವ
ಇಷ್ಟೆಲ್ಲ ಯಾಕೆ ಕಾಕಾ? ಟೆಲಿಗ್ರಾಂನಲ್ಲಿ ಎಲ್ಲಾ ಸಿಗುತ್ತೆ. ಪೆನ್‌ಡ್ರೈವಿಗೆ ಹಾಕ್ಕೊಂಡು ಬಂದು ತೋರಿಸಿ.

ಬೆಂಗಳೂರಾಗ_ಬಾಗಲಕೋಟಿ
ಮಾಲೀಕರನ್ನು ಜೈಲಿಗೆ ಕಳಿಸೋ ಪ್ಲಾನ್ ಇದೆಯಾ? 2023ರಲ್ಲಿ ಸಿನಿಮಾಟೊಗ್ರಾಫ್ ಕಾಯ್ದೆಗೆ ತಿದ್ದುಪಡಿ ಆಗಿದೆ. ಕಳ್ಳ ಪ್ರತಿಗೆ ಕನಿಷ್ಠ 3 ತಿಂಗಳು, 3 ವರ್ಷದವರೆಗೂ ಜೈಲು. ದಂಡ ಶುರು ಆಗೋದೇ 3 ಲಕ್ಷದಿಂದ.

ಜಮಖಂಡಿಯವ
ಸುಮ್ನೆ ಹೇಳಿದೆ ಮಾರಾಯ. ಹಾಗಾದರೆ ಹಳೇ ಸಿನಿಮಾ ಹಾಕಿ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು 60 ವರ್ಷ ಅಲ್ವಾ? 'ಪಥೇರ್ ಪಾಂಚಾಲಿ' 1955ರದ್ದು. ಲೆಕ್ಕ ಹಾಕಿ.

ಬೆಂಗಳೂರಾಗ_ಬಾಗಲಕೋಟಿ
ಲೆಕ್ಕ ಸರಿ ಇದೆ. ಆದರೆ ಹಕ್ಕು ಮುಗಿದ ಮಾತ್ರಕ್ಕೆ ಪ್ರತಿ ಮನೆ ಬಾಗಿಲಿಗೆ ಬರಲ್ಲ. ನೋಡುವಂಥ ಪ್ರತಿ ಅಂದರೆ ರಿಪೇರಿ ಮಾಡಿ ಇಟ್ಟಿರೋದು, ಅದನ್ನು ಇಟ್ಟುಕೊಂಡವರನ್ನು ಕೇಳಲೇಬೇಕು. ಟಿಕೆಟ್ ಹರಿದು ತೋರಿಸುವ ಯಾವ ಸಿನಿಮಾಕ್ಕೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಹೊರದೇಶದ್ದಾದರೂ ಅಷ್ಟೇ.

ಅದಕ್ಕೇ ಎಲ್ಲ ಕಡೆ ಫಿಲ್ಮ್ ಸೊಸೈಟಿ ಮಾಡ್ಕೋತಾರೆ. ಟಿಕೆಟ್ ಇಲ್ಲ, ವರ್ಷದ ಸದಸ್ಯತ್ವ. 1959ರಲ್ಲೇ ಇವೆಲ್ಲ ಸೇರಿ ಒಕ್ಕೂಟ ಆಯಿತು, ಸತ್ಯಜಿತ್ ರಾಯ್ ಅಧ್ಯಕ್ಷರು. ನೀವೂ ನೋಂದಣಿ ಮಾಡಿಸಿ. ಆಮೇಲೆ ಜರ್ಮನ್, ಫ್ರೆಂಚ್ ಸಂಸ್ಥೆಗಳ ಬೆಂಗಳೂರಿನ ಕಚೇರಿಗಳಿಗೆ ಪತ್ರ ಬರೀರಿ. ದುಡ್ಡು ಮಾಡಲ್ಲ ಅಂದರೆ ಸಿನಿಮಾ ಕೊಡ್ತಾರೆ.

ಇಳಕಲ್_ಸೆರಗು
ದುಡ್ಡು ಮಾಡದಿದ್ದರೆ ಟಾಕೀಸಿನ ಕರೆಂಟ್ ಬಿಲ್ಲು ಜರ್ಮನಿಯವರು ಕಟ್ತಾರಾ?

ಬೆಂಗಳೂರಾಗ_ಬಾಗಲಕೋಟಿ
ಸದಸ್ಯತ್ವದ ದುಡ್ಡಿನಲ್ಲಿ ಹಾಲ್ ಬಾಡಿಗೆ ಕೊಡೋದು ಅಕ್ಕಾ. ಕನ್ನಡ ಸಿನಿಮಾಕ್ಕೆ ಟಿಕೆಟ್ ಇಡಿ. 100 ರೂಪಾಯಿ ಒಳಗಿನ ಟಿಕೆಟ್‌ಗೆ ಈಗ ಜಿಎಸ್‌ಟಿ 5% ಅಷ್ಟೇ, ಮೊದಲು 12 ಇತ್ತು.

ಘಟಪ್ರಭಾ_ದಂಡೆ
ದುಡ್ಡಿನ ಮಾತು ಆಯಿತು. ಕೇಳಿದ್ದು ಯಾವ ಸಿನಿಮಾ ಅಂತ. ನಾನೊಂದು ಹೇಳ್ತೀನಿ.

ಚೀನಾದ 'ಸ್ಟಿಲ್ ಲೈಫ್', 2006. ಜಿಯಾ ಜಾಂಗ್ಕೆ ಅನ್ನೋರು ಮಾಡಿದ್ದು. ವೆನಿಸ್‌ನಲ್ಲಿ ಚಿನ್ನದ ಸಿಂಹ ಬಂತು, ಅದು ಬಿಡಿ. ಯಾಂಗ್ತ್ಸೆ ನದಿಗೆ ಕಟ್ಟಿದ ತ್ರೀ ಗಾರ್ಜಸ್ ಅಣೆಕಟ್ಟಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಫೆಂಗ್‌ಜಿಯೆ ಅಂತ ಎರಡು ಸಾವಿರ ವರ್ಷ ಹಳೆಯ ಪಟ್ಟಣ. ಅದು ಮುಳುಗುತ್ತಿರುವಾಗಲೇ ಅಲ್ಲಿ ಹೋಗಿ ತೆಗೆದ ಸಿನಿಮಾ ಇದು.

ಒಬ್ಬ ಕಲ್ಲಿದ್ದಲು ಗಣಿ ಕೆಲಸದವನು. ಬಿಟ್ಟುಹೋದ ಹೆಂಡತಿ, ಮಗಳನ್ನು ಹುಡುಕಿಕೊಂಡು 16 ವರ್ಷದ ಮೇಲೆ ಬರ್ತಾನೆ. ಕೈಯಲ್ಲಿ ಅಡ್ರೆಸ್ ಬರೆದ ಚೀಟಿ. ಬೈಕಿನವನು ದುಡ್ಡು ತಗೊಂಡು ಕರ್ಕೊಂಡು ಹೋಗಿ ನಿಲ್ಲಿಸ್ತಾನೆ. ಅಲ್ಲಿ ನೋಡಿದರೆ ಬರೀ ನೀರು. ಆ ಅಡ್ರೆಸ್ ನೀರಿನ ಕೆಳಗಿದೆ. ಅವನು ಅಲ್ಲೇ ಉಳಿದು ಮನೆ ಕೆಡವೋ ಕೂಲಿ ಕೆಲಸಕ್ಕೆ ಸೇರ್ತಾನೆ. ಗೋಡೆ ಮೇಲೆಲ್ಲ ನೀರು ಇಲ್ಲಿವರೆಗೆ ಬರುತ್ತೆ, 156.5 ಮೀಟರ್ ಅಂತ ಬಣ್ಣದಲ್ಲಿ ಬರೆದಿರ್ತಾರೆ. ಜನ ಅದರ ಕೆಳಗೇ ಕೂತು ಊಟ ಮಾಡ್ತಿರ್ತಾರೆ.

ನಾನು ಇದನ್ನು ಚಿತ್ರೋತ್ಸವದಲ್ಲಿ ನೋಡಿದೆ. ಪಕ್ಕದಲ್ಲಿದ್ದವರು ಕ್ಯಾಮೆರಾ ಹೇಗೆ ಹೊರಳುತ್ತೆ ಅಂತ ಪಿಸುಗುಡುತ್ತಿದ್ದರು. ನನಗೆ ಕಾಣಿಸಿದ್ದು ನಮ್ಮ ಸೋದರಮಾವ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಡುವಾಗ ತೊಲೆ, ಚೌಕಟ್ಟು, ತಲಬಾಗಿಲು ಎಲ್ಲಾ ಬಿಚ್ಚಿ ಟ್ರ್ಯಾಕ್ಟರ್ ಮೇಲೆ ಹಾಕಿಕೊಂಡು ನವನಗರದ ಸೆಕ್ಟರಿನ ಸೈಟಿಗೆ ಬಂದವರು. ಹೊಸ ಮನೆಗೆ ಆ ಬಾಗಿಲು ಹಿಡಿಸಲಿಲ್ಲ. ಇವತ್ತಿಗೂ ಹಿತ್ತಲಲ್ಲಿ ಒರಗಿಸಿದೆ.

ಈ ಸಿನಿಮಾ ಬೆಂಗಳೂರಿನವರಿಗೆ ವಿದೇಶಿ ಸಿನಿಮಾ. ನಮಗೆ ಅಲ್ಲ.

ಕಿಲ್ಲಾಗಲ್ಲಿ
ಬರೆದಿದ್ದು ಚೆನ್ನಾಗಿದೆ. ಆದರೆ ಎರಡು ತಕರಾರು.

ಒಂದು, ಹೊರಗಿನವರಂತೆ 'ಹಳೇ ಊರು ಮುಳುಗಿತು' ಅನ್ನಬೇಡಿ. ಮುಳುಗಿದ್ದು ಒಂದು ಭಾಗ. ಮಾರ್ಕೆಟ್ ಇನ್ನೂ ಇಲ್ಲೇ ಇದೆ, ಕಾಮಣ್ಣನ ಮುಂದೆ ಹಲಗಿ ಇನ್ನೂ ಇಲ್ಲೇ ಬಾರಿಸ್ತಾರೆ. ನವನಗರದವರೂ ಬಟ್ಟೆ, ಬಂಗಾರಕ್ಕೆ ಇಲ್ಲಿಗೇ ಬರ್ತೀರಿ.

ಎರಡು, ಮನೆ ಕಳಕೊಂಡವರು ದುಡ್ಡು ಕೊಟ್ಟು, ಭಾನುವಾರ ಬೆಳಿಗ್ಗೆ, ಇನ್ನೊಬ್ಬರ ಮನೆ ಬೀಳೋದನ್ನು ಯಾಕೆ ನೋಡಬೇಕು? ನಮ್ಮಪ್ಪ ಹಿನ್ನೀರಿನ ಕಡೆ ವಾಕಿಂಗೂ ಹೋಗಲ್ಲ. ಅವರನ್ನು ಕರ್ಕೊಂಡು ಬಂದು ಕತ್ತಲಲ್ಲಿ ಕೂರಿಸಿ ಇದನ್ನು ತೋರಿಸ್ತೀರಾ? ನೋವು ಅನ್ನೋದು ಚಿತ್ರೋತ್ಸವದವರಿಗೆ ಚಂದ ಕಾಣುತ್ತೆ.

ಘಟಪ್ರಭಾ_ದಂಡೆ
ಬರೀ ಅಳೋ ಸಿನಿಮಾ ಅಲ್ಲ ಅಣ್ಣಾ. ಒಂದು ಕಡೆ ಕಟ್ಟಡವೇ ರಾಕೆಟ್ ಹಾಗೆ ಹಾರಿ ಹೋಗುತ್ತೆ! ಹತ್ತು ಯುವಾನ್ ನೋಟು ತೆಗೆದು "ನಮ್ಮೂರು ಇದರ ಮೇಲಿದೆ ನೋಡು" ಅಂತ ಕೂಲಿಯವರು ಜಂಬ ಪಡ್ತಾರೆ. ಜನ ಕುಡೀತಾರೆ, ಚೌಕಾಸಿ ಮಾಡ್ತಾರೆ, ಮೋಸ ಮಾಡ್ತಾರೆ. ಊರು ಮುಳುಗುವಾಗ ನಮ್ಮವರೂ ಹಾಗೇ ಇರಲಿಲ್ಲವಾ? ಪರಿಹಾರಕ್ಕೆ ಎಂಥೆಂಥ ನಾಟಕ ನಡೆದವು ಅಂತ ನಿಮಗೇ ಗೊತ್ತು.

ಜಮಖಂಡಿಯವ
ಪರಿಹಾರ ಅಂದಿದ್ದಕ್ಕೆ ನೆನಪಾಯಿತು. ಆಲಮಟ್ಟಿ ಈಗ 519.60 ಮೀಟರ್. 524.256ಕ್ಕೆ ಏರಿಸಿದರೆ ಇನ್ನೆಷ್ಟು ಹೋಗುತ್ತೋ. 2025ರಲ್ಲಿ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಅಂತ ತೀರ್ಮಾನ ಮಾಡಿದರಲ್ಲ. ಅದು ಕೈಗೆ ಬರೋದು ಯಾವಾಗ?

ಕೆರೂರಿನವ
ಅದರಲ್ಲಿ ಬೆಳೆ, ಬೋರ್‌ವೆಲ್ ಸೇರಿದೆಯಾ ಬಿಟ್ಟಿದೆಯಾ? ನಮ್ಮ ಬೀಗರದ್ದು ಅಂಚಿನಲ್ಲಿದೆ...

ನಿರ್ವಾಹಕ
ಪರಿಹಾರಕ್ಕೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಸಿನಿಮಾ.

ವಿದ್ಯಾಗಿರಿ_ಅಕ್ಕ
ಚೀನಾಕ್ಕೆ ಹೋಗೋ ಮುಂಚೆ ಮನೆಯದನ್ನು ನೋಡಿ. ಗಿರೀಶ ಕಾಸರವಳ್ಳಿಯವರ 'ದ್ವೀಪ'. ನಾ. ಡಿಸೋಜರ ಕಾದಂಬರಿ. ಅಣೆಕಟ್ಟಿನ ನೀರು ಏರುತ್ತಿದೆ, ಗುಡ್ಡದ ಮೇಲಿನ ದೇವಸ್ಥಾನದ ಮನೆಯವರು ಬಿಟ್ಟು ಹೋಗಲ್ಲ ಅಂತಾರೆ. ರಾಷ್ಟ್ರಪ್ರಶಸ್ತಿಯಲ್ಲಿ ಸ್ವರ್ಣಕಮಲ ಬಂದ ಸಿನಿಮಾ. ಸೌಂದರ್ಯ ಇದ್ದಾರೆ, ನಿರ್ಮಾಪಕಿಯೂ ಅವರೇ. ಸೌಂದರ್ಯ ಅಂದರೆ ನಮ್ಮ ಓಣಿ ಹೆಂಗಸರೆಲ್ಲ ಬರ್ತಾರೆ. ಕನ್ನಡ, ಸರ್ಟಿಫಿಕೇಟ್ ಆಗಿದೆ, ಟಿಕೆಟ್ ಇಡಬಹುದು. ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಗಿರಮಿಟ್
ಸೌಂದರ್ಯ ಅಂದರೆ ನಾನೂ 10ಕ್ಕೆ ಏಳ್ತೀನಿ.

ಕಿಲ್ಲಾಗಲ್ಲಿ
'ದ್ವೀಪ' ನೋಡಿದೀನಿ. ಒಳ್ಳೇ ಸಿನಿಮಾ. ಆದರೆ ಅದು ಮಲೆನಾಡು, ಮಳೆ ಸುರಿದು ಸುರಿದು ನೀರು ಏರುತ್ತೆ. ನಮ್ಮಲ್ಲಿ ಆಕಾಶದಲ್ಲಿ ಒಂದು ಮೋಡ ಇಲ್ಲದಾಗ, ಮಹಾರಾಷ್ಟ್ರದಲ್ಲಿ ಮಳೆ ಆಗಿ ಇಲ್ಲಿ ನೀರು ಬರುತ್ತೆ. ರಣ ಬಿಸಿಲು, ಧೂಳು, ಆ ಕಡೆ ನೀರು. ಅಂಥ ಸಿನಿಮಾ ಇನ್ನೂ ಯಾರೂ ಮಾಡಿಲ್ಲ.

ಘಟಪ್ರಭಾ_ದಂಡೆ
ಅದೇ ಬಿಸಿಲು, ಅದೇ ಧೂಳು 'ಸ್ಟಿಲ್ ಲೈಫ್'ನಲ್ಲಿದೆ ಅಂತಲೇ ನಾನು ಹೇಳಿದ್ದು. ಮೈಮೇಲೆ ಬನಿಯನ್ ಕೂಡ ಇಲ್ಲದೆ ಬೆವರಿನಲ್ಲಿ ಗೋಡೆಗೆ ಸುತ್ತಿಗೆ ಹೊಡೀತಿರ್ತಾರೆ.

ಇಳಕಲ್_ಸೆರಗು
ಎಲ್ಲಾ ಸರಿ, ನಿಧಾನ ಎಷ್ಟಿದೆ ಹೇಳಿ. ಈ ಪ್ರಶಸ್ತಿ ಸಿನಿಮಾಗಳಲ್ಲಿ ಒಬ್ಬ ಬಾಗಿಲಿಂದ ಕಿಟಕಿವರೆಗೆ ನಡೆಯೋದರಲ್ಲಿ ನಾನು ಒಂದು ಚಹಾ ಮಾಡಿ ಕುಡಿದು ಬರ್ತೀನಿ. ನಮ್ಮ ಜನಕ್ಕೆ ತಾಳ್ಮೆ ಇಲ್ಲ.

ಹಳೇರೀಲು
ತಾಳ್ಮೆ ಇಲ್ಲ ಅಂತ ಯಾರು ಹೇಳಿದ್ದು? ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ನಾಟಕ ಕಂಪನಿಗಳು ತಿಂಗಳುಗಟ್ಟಲೆ ಟೆಂಟ್ ಹಾಕ್ತಾವೆ, ರಾತ್ರಿ ಪೂರ್ತಿ ಜನ. ಪಾರಿಜಾತ ಅಂದರೆ ಬೆಳಗಿನವರೆಗೆ ಕೂರ್ತಾರೆ. ಸತ್ಯಭಾಮೆ ಒಂದು ಹೂವಿಗೆ ಮುನಿಸಿಕೊಂಡ ಕಥೆ ಅದು, ಅದರಲ್ಲಿ ಯಾವ ಫೈಟಿಂಗ್ ಇದೆ?

ಇಳಕಲ್_ಸೆರಗು
ಕಾಕಾ, ಅಲ್ಲಿ ಕಥೆ ಮೊದಲೇ ಗೊತ್ತು. ಭಾಗವತ ಕೂತು ಬಿಡಿಸಿ ಹೇಳ್ತಾನೆ, ದೂತಿ ನಗಿಸ್ತಾಳೆ. ಚೀನಾದ ಸಿನಿಮಾದಲ್ಲಿ ಯಾರು ಹೇಳ್ತಾರೆ?

ವಿದ್ಯಾಗಿರಿ_ಅಕ್ಕ
ನಾವೇ ಹೇಳೋಣ! ಮೂಕಿ ಕಾಲದಲ್ಲಿ ಜಪಾನಿನಲ್ಲಿ ಪರದೆ ಪಕ್ಕ ನಿಂತು ಕಥೆ ಹೇಳೋರು ಇದ್ದರು, ಬೆಂಶಿ ಅಂತ. ಜನ ಅವರ ಹೆಸರು ನೋಡಿಯೇ ಬರುತ್ತಿದ್ದರಂತೆ. ಅಲ್ಲಿಯ ದೊಡ್ಡ ನಿರ್ದೇಶಕ ಕುರೊಸಾವಾ ಅವರ ಅಣ್ಣನೇ ಬೆಂಶಿ ಆಗಿದ್ದ. ನಮ್ಮ ಹೆಗ್ಗೋಡಿನಲ್ಲಿ 1973ರಲ್ಲಿ ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿದರು. ಆ ಹಳ್ಳಿಯ ಅಡಿಕೆ ತೋಟದ ಜನಕ್ಕೆ ಕುರೊಸಾವಾ, ಇಟಲಿಯ ಡಿ ಸಿಕಾ ಅವರ ಸಿನಿಮಾ ಎಲ್ಲ ತೋರಿಸಿದರು. ಹೆಗ್ಗೋಡಿನಲ್ಲಿ ಆಗಿದ್ದು ಜಿಲ್ಲಾ ಕೇಂದ್ರದಲ್ಲಿ ಆಗಲ್ಲ ಅಂದರೆ ಹೇಗೆ?

ಆಟಕ್ಕೆ ಮುಂಚೆ ಹತ್ತು ನಿಮಿಷ ಯಾರಾದರೂ ನಿಂತು ಯಾವ ಊರು, ಯಾವ ಡ್ಯಾಂ, ಇವನು ಯಾರನ್ನು ಹುಡುಕ್ತಿದ್ದಾನೆ ಅಂತ ನಮ್ಮ ಮಾತಲ್ಲಿ ಹೇಳಲಿ. ಆಮೇಲೆ ಸಬ್‌ಟೈಟಲ್ ಅರ್ಧ ತಪ್ಪಿದರೂ ನಡೀತದೆ.

ಬೆಂಗಳೂರಾಗ_ಬಾಗಲಕೋಟಿ
ಕಥೆ ಮೊದಲೇ ಹೇಳಿಬಿಟ್ಟರೆ ನೋಡೋದೇನು ಅಕ್ಕಾ? ಸ್ಪಾಯ್ಲರ್!

ಹಳೇರೀಲು
ಸತ್ಯಭಾಮೆಗೆ ಕೊನೆಗೆ ಹೂವು ಸಿಗುತ್ತೆ ಅಂತ ಹುಟ್ಟಿದ ಕೂಸಿಗೂ ಗೊತ್ತು. ಆದರೂ ಚಾಪೆ ತಗೊಂಡು ಹೋಗಿ ಜಾಗ ಹಿಡೀತಾರೆ ತಮ್ಮಾ.

ಕಿಲ್ಲಾಗಲ್ಲಿ
ಮಾತಾಡೋದಾದರೆ ಪ್ರೊಫೆಸರ್‌ಗಳನ್ನು ಕರೀಬೇಡಿ. ಸಿನಿಮಾ ಆದ ಮೇಲೆ ಹಳೇ ಊರು ಬಿಟ್ಟವರು ಯಾರಾದರೂ ಇಬ್ಬರು ಎದ್ದು ಮಾತಾಡಲಿ. ಸರ್ವೆಯವರು ಬಂದಾಗ ಏನಾಯಿತು, ಸಾಮಾನು ಹೇಗೆ ಸಾಗಿಸಿದರು, ಅದನ್ನು ಹೇಳಲಿ. ಹಾಗೆ ಮಾಡ್ತೀರಿ ಅಂದರೆ ನನ್ನ ಎರಡನೇ ತಕರಾರು ಅರ್ಧ ವಾಪಸ್. ಅಪ್ಪನನ್ನು ಮಾತ್ರ ಕರ್ಕೊಂಡು ಬರಲ್ಲ.

ಬೆಳಗಿನ_ಆಟ
ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಸರಿ, ಈಗಿನ ಲೆಕ್ಕ ಹೀಗೆ. ಮೊದಲು 'ದ್ವೀಪ', ಟಿಕೆಟ್ ಇಟ್ಟು. ಅದರಿಂದ ಬಂದ ದುಡ್ಡು ಮತ್ತು ಸದಸ್ಯತ್ವದ ದುಡ್ಡು ಸೇರಿಸಿ ಪ್ರೊಜೆಕ್ಟರ್ ಬಾಡಿಗೆ. ಫಿಲ್ಮ್ ಸೊಸೈಟಿ ಕಾಗದಪತ್ರ ಮುಗಿದ ಮೇಲೆ 'ಸ್ಟಿಲ್ ಲೈಫ್', ಕನ್ನಡ ಸಬ್‌ಟೈಟಲ್ ಜೊತೆ. ಅಕ್ಕಾ, ನಿಮ್ಮ ಹುಡುಗಿಯರಿಗೆ ಹೇಳಿಡಿ. ಹೋಳಿ ವಾರ ಮಾತ್ರ ಬೇಡ, ಬಣ್ಣದ ಮೈಯಲ್ಲಿ ಬಂದರೆ ಮಾಲೀಕರು ಸೀಟಿನ ದುಡ್ಡು ಕೇಳ್ತಾರೆ.

ಕೆರೂರಿನವ
ಕೆರೂರಿನಿಂದ ಬರೋರಿಗೆ 10 ಗಂಟೆ ಪರವಾಗಿಲ್ಲ, ಬಸ್ಸಿದೆ. ಪೋಸ್ಟರ್ ಕೊಟ್ಟರೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಾನು ಹಚ್ತೀನಿ.

ಗಿರಮಿಟ್
ಚೀನಾ ಸಿನಿಮಾದಲ್ಲಿ ಇಂಟರ್‌ವಲ್ ಇರುತ್ತಾ?

ಘಟಪ್ರಭಾ_ದಂಡೆ
ಇರಲ್ಲ. ಎರಡು ಗಂಟೆಯೂ ಇಲ್ಲ ಸಿನಿಮಾ. ದಯವಿಟ್ಟು ಮಧ್ಯದಲ್ಲಿ ಕಡಿಯಬೇಡಿ.

ಹಳೇರೀಲು
ಕಡೀಲೇಬೇಕು. ಇಂಟರ್‌ವಲ್ ಇಲ್ಲ ಅಂದರೆ ಕ್ಯಾಂಟೀನಿನವನಿಗೆ ವ್ಯಾಪಾರ ಇಲ್ಲ, ಅವನು ಬರಲ್ಲ ಅಂದರೆ ಚಹಾ ಇಲ್ಲ. ನೀವು ಸಿನಿಮಾ ನನಗೆ ಒಂದು ವಾರ ಮೊದಲೇ ಕೊಡಿ. ಎಲ್ಲಿ ನಿಲ್ಲಿಸಿದರೆ ನೋವಾಗಲ್ಲ ಅಂತ ನೋಡಿ ಗುರುತು ಹಾಕಿಡ್ತೀನಿ.

ಘಟಪ್ರಭಾ_ದಂಡೆ
ಕಾಕಾ, ಚಹಾ ಮೊದಲೇ ಕೊಟ್ಟುಬಿಡೋಣ. ಭಾಷಣದ ಹತ್ತು ನಿಮಿಷದಲ್ಲಿ.

ಹಳೇರೀಲು
ಭಾಷಣದಲ್ಲಿ ಚಹಾ ಕೊಟ್ಟರೆ ಭಾಷಣ ಯಾರು ಕೇಳ್ತಾರೆ? ಕ್ಯಾಂಟೀನಿನವನನ್ನು ಕೇಳಿ ಹೇಳ್ತೀನಿ, ತಡೀರಿ.